ಕಾವೇರಿಯ ಗೂನುಬೆನ್ನಿನ ಬಿಳಿಮೀನು: ಮಡು ಕಾಯುವವರಿಗೊಂದು ಮಾರ್ಗದರ್ಶಿ

1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್, ಅಂದರೆ ನಮ್ಮ ಊರುಗಳವರು ಬಿಳಿಮೀನು ಎನ್ನುವ ಹೊಳೆಮೀನು, 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕೆ.ಜಿ. ಗಾಳ ಹಾಕುವವರು ಆ ದಾಖಲೆಯನ್ನು ಇಂದಿಗೂ ನೆನೆಯುತ್ತಾರೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಈ ಗೂನುಬೆನ್ನಿನ ಮೀನು 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಪಟ್ಟಿಗೆ ಸೇರಲು ಅಷ್ಟು ತಡವಾದದ್ದಕ್ಕೂ ಕಾರಣವಿದೆ. ಒಂದೂವರೆ ಶತಮಾನದಿಂದ ಗಾಳದವರಿಗೆ ಗೊತ್ತಿದ್ದ ಮೀನಿಗೆ ವಿಜ್ಞಾನದಲ್ಲಿ ಖಚಿತವಾದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ಟಾರ್ ರೆಮಾದೇವಿಯೈ ಎಂದು ವಿವರಿಸಲಾಗಿದ್ದ ಮೀನೂ ನಮ್ಮ ಕಾವೇರಿಯ ಗೂನುಬೆನ್ನಿನದೂ ಒಂದೇ ಎಂದು ಸಂಶೋಧಕರು ತೋರಿಸಿಕೊಟ್ಟದ್ದು 2018ರಲ್ಲಿ. ಅದಕ್ಕೆ ಬೇಕಾದ ಮಾದರಿಗಳು ಸಿಕ್ಕಿದ್ದು ಬಂಡೀಪುರ–ಮುದುಮಲೈ ಗಡಿಯಲ್ಲಿ ಹರಿದು ಭವಾನಿ ಸೇರುವ ಮೋಯಾರ್ ಹೊಳೆಯಲ್ಲಿ.

ಈ ಬರಹ ಕಾವೇರಿ, ಕಬಿನಿ, ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ, ಲಕ್ಷ್ಮಣತೀರ್ಥದ ದಂಡೆಯ ಊರುಗಳವರಿಗೆ. ತುಂಗೆ, ನೇತ್ರಾವತಿ, ಕುಮಾರಧಾರೆಯ ಕಡೆಯವರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಇರುವುದು ಬೇರೆ ಜಾತಿಯ ಮಹಶೀರ್ ಆದರೂ ಅದಕ್ಕಿರುವ ಕಷ್ಟ ಇವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಪರೂಪದ ಮೀನು ಉಳಿಸುವುದೆಂದರೆ ಎಲ್ಲಿಂದಲೋ ಮರಿ ತಂದು ಹೊಳೆಗೆ ಬಿಡುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಣ್ಯರು ಬರುತ್ತಾರೆ, ಪ್ಲಾಸ್ಟಿಕ್ ಚೀಲ ಬಿಚ್ಚಿ ಮರಿ ಸುರಿಯುತ್ತಾರೆ, ಫೋಟೋ ಬರುತ್ತದೆ. ಗೂನುಬೆನ್ನಿನ ಮಹಶೀರ್ ಅಳಿವಿನಂಚಿಗೆ ಬಂದದ್ದು ಹೀಗೆ ಮರಿ ಬಿಡುತ್ತಿದ್ದ ಕಾಲದಲ್ಲೇ. ಆದ್ದರಿಂದ ಮೊದಲು ಮಡು, ಆಮೇಲೆ ಮಳೆಗಾಲದ ಹಾದಿ. ಮರಿಯ ಮಾತು ಕೊಟ್ಟಕೊನೆಗೆ.

ಹೆಜ್ಜೆ 1: ನಿಮ್ಮ ಹೊಳೆಯಲ್ಲಿರುವ ಮೀನು ಯಾವುದು?

ಬಿಳಿಮೀನು ಎಂದು ಊರವರು ಕರೆಯುವುದೆಲ್ಲ ಗೂನುಬೆನ್ನಿನದಲ್ಲ. ಮೊದಲು ಅದು ಮಹಶೀರ್ ಹೌದೇ ಅಲ್ಲವೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಸುಲಭದ ದಾರಿ ಹುರುಪೆ ಎಣಿಸುವುದು. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಮೈಯ ನಡುವೆ ಸಾಗುವ ಗೆರೆಯ ಮೇಲೆ ಮಹಶೀರ್‌ಗೆ ಸುಮಾರು 25 ಹುರುಪೆಗಳಿರುತ್ತವೆ. ರೋಹು, ಕಟ್ಲಾ, ಮೃಗಾಲ್‌ಗಳಿಗೆ 40ರ ಮೇಲೆ. ಮಹಶೀರ್‌ನ ಹುರುಪೆ ಅಷ್ಟು ದೊಡ್ಡದು. ಬಾಯಿಯ ಸುತ್ತ ಎರಡು ಜೊತೆ ಮೀಸೆ ಇರುತ್ತದೆ, ತುಟಿ ದಪ್ಪ.

ಇನ್ನು ಯಾವ ಮಹಶೀರ್? ಕಾವೇರಿಯಲ್ಲಿ ಇವತ್ತು ಹೆಚ್ಚಾಗಿ ಸಿಗುವುದು ನೀಲಿ ರೆಕ್ಕೆಯದು, ಟಾರ್ ಖುದ್ರಿ. ಅದರ ಈಜುರೆಕ್ಕೆಗಳು ನೀಲಿ ಬೆರೆತ ಬೂದು ಬಣ್ಣದವು, ಬೆನ್ನಿನ ರೇಖೆ ತಲೆಯಿಂದ ಮೆಲ್ಲಗೆ ಬಾಗಿ ಏರುತ್ತದೆ. ಗೂನುಬೆನ್ನಿನದರಲ್ಲಿ ತಲೆಯ ಹಿಂಭಾಗದಿಂದಲೇ ಬೆನ್ನು ಎದ್ದುಕೊಂಡು ಬೆನ್ನಿನ ಮೇಲಿನ ರೆಕ್ಕೆಯ ಬುಡದವರೆಗೆ ಗೂನಾಗಿ ಹೋಗುತ್ತದೆ. ಬಾಲದ ರೆಕ್ಕೆ ಕಿತ್ತಳೆ ಬಣ್ಣ. ಎಳೆಯ ಮೀನಿನಲ್ಲಿ ಗೂನು ಕಾಣುವುದಿಲ್ಲ, ಅದರಲ್ಲಿ ರೆಕ್ಕೆಯ ಬಣ್ಣವನ್ನೇ ನೋಡಬೇಕು. ಅನುಮಾನ ಬಂದರೆ ಊರವರೇ ಹೆಸರಿಟ್ಟು ತೀರ್ಮಾನಿಸುವುದು ಬೇಡ. ಮೀನಿನ ಎಡಮಗ್ಗುಲು ಪೂರ್ತಿ ಕಾಣುವ ಹಾಗೆ, ಪಕ್ಕದಲ್ಲಿ ಅಳತೆಪಟ್ಟಿಯೋ ಪೆನ್ನೋ ಇಟ್ಟು, ರೆಕ್ಕೆಗಳು ಬಿಡಿಸಿಕೊಂಡಿರುವಂತೆ ಫೋಟೋ ತೆಗೆದು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೋ ಮೀನಿನ ಸಂಶೋಧನೆ ಮಾಡುವ ವಿಶ್ವವಿದ್ಯಾಲಯಕ್ಕೋ ಕಳಿಸಿ. ಮೀನು ಎತ್ತಿ ಹಿಡಿದು ನಗುವ ಫೋಟೋದಿಂದ ಜಾತಿ ಗುರುತಿಸುವುದು ಕಷ್ಟ. ಬೆರಳುಗಳು ರೆಕ್ಕೆಯನ್ನೂ ಗೂನನ್ನೂ ಮುಚ್ಚಿರುತ್ತವೆ.

ಈ ಹೆಜ್ಜೆಯಲ್ಲಿ ವಯಸ್ಸಾದ ಬೆಸ್ತರನ್ನು ಮಾತಾಡಿಸದೆ ಮುಂದೆ ಹೋಗಬೇಡಿ. ಯಾವ ಮಡುವಿನಲ್ಲಿ ಎಷ್ಟು ದೊಡ್ಡದು ಸಿಗುತ್ತಿತ್ತು, ರೆಕ್ಕೆ ಯಾವ ಬಣ್ಣದ್ದು, ಯಾವ ವರ್ಷದ ಪ್ರವಾಹದ ನಂತರ ಕಾಣಲಿಲ್ಲ ಎಂದು ಕೇಳಿ. “ಮಹಶೀರ್ ಇತ್ತಾ” ಎಂದು ಕೇಳಿದರೆ “ಇತ್ತು” ಎಂದಷ್ಟೇ ಉತ್ತರ ಬರುತ್ತದೆ. “ನಿಮ್ಮಪ್ಪ ಹಿಡೀತಿದ್ದ ಬಿಳಿಮೀನಿನ ಬಾಲ ಯಾವ ಬಣ್ಣ ಇತ್ತಜ್ಜ?” ಎಂದು ಕೇಳಿ. ಅದೇ ದಾಖಲೆ.

ಹೆಜ್ಜೆ 2: ಮಡುವನ್ನೂ ಜಲ್ಲಿಯನ್ನೂ ಹುಡುಕಿ

ಬೇಸಿಗೆಯಲ್ಲಿ ಹೊಳೆ ತುಂಡುತುಂಡಾಗುತ್ತದೆ. ದೊಡ್ಡ ಮೀನು ಉಳಿಯುವುದು ಆಳವಾದ ಮಡುಗಳಲ್ಲಿ, ಬಂಡೆಯ ಸಂದಿಯಲ್ಲಿ, ಮರದ ನೆರಳಿರುವ ದಂಡೆಯಡಿಯಲ್ಲಿ. ಹತ್ತು ಕಿಲೋಮೀಟರ್ ಹೊಳೆಯಲ್ಲಿ ನಿಜವಾಗಿ ಕಾಯಬೇಕಾದ ಮಡು ಒಂದೋ ಎರಡೋ ಇರಬಹುದು. ಆದ್ದರಿಂದಲೇ ಈ ಕೆಲಸ ಊರಿನ ಅಳವಿಗೆ ಬರುತ್ತದೆ.

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ನೀರು ತೀರಾ ತಗ್ಗಿದಾಗ, ತೆಪ್ಪ ಓಡಿಸುವವರೊಬ್ಬರ ಜೊತೆ ಹೋಗಿ. ಮಾರಿಗೊಂದು ಗಂಟು ಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಆಳ ಗೊತ್ತಾಗುತ್ತದೆ. ದಂಡೆಯ ಮರಗಳನ್ನೂ ಬರೆದುಕೊಳ್ಳಿ: ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ. ಮಹಶೀರ್ ಏಡಿ, ಬಸವನಹುಳು, ಸಣ್ಣ ಮೀನಿನ ಜೊತೆಗೆ ನೀರಿಗೆ ಬಿದ್ದ ಹಣ್ಣನ್ನೂ ತಿನ್ನುತ್ತದೆ. ದಂಡೆಯ ಅತ್ತಿಮರ ಕಡಿದರೆ ನೆರಳಿನ ಜೊತೆ ಮೀನಿನ ಊಟವೂ ಹೋಯಿತು.

ಮಡುವಿನಷ್ಟೇ ಮುಖ್ಯ ಜಲ್ಲಿಯ ಹಾಸು. ಮಹಶೀರ್ ಮೊಟ್ಟೆ ಕಟ್ಲಾ, ರೋಹುವಿನ ಮೊಟ್ಟೆಯಂತೆ ಲಕ್ಷಗಟ್ಟಲೆ ಇರುವುದಿಲ್ಲ. ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು, ಬಣ್ಣ ನಿಂಬೆಹಳದಿಯಿಂದ ಕಿತ್ತಳೆಯವರೆಗೆ. ಅದು ಉರುಟು ಕಲ್ಲುಗಳ ನಡುವೆ ಇಳಿದು ಅಲ್ಲೇ ಕೂರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಹೊಟ್ಟೆಗಂಟಿದ ಹಳದಿ ಚೀಲ ಹೊತ್ತುಕೊಂಡು, ಬೆಳಕಿಗೆ ಹೆದರಿ, ಕಲ್ಲಿನ ಸಂದಿಗೆ ತಲೆ ತೂರಿಸಿ ಬಾಲ ಮಾತ್ರ ಆಡಿಸುತ್ತ ಮಲಗಿರುತ್ತದೆ. ಅಷ್ಟು ದಿನ ಕಲ್ಲುಗಳ ನಡುವೆ ಶುದ್ಧ ನೀರು ಹರಿಯುತ್ತಿರಬೇಕು. ಮೇಲಿನಿಂದ ಕೆಸರು ಬಂದು ಕೂತರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಮರಳು ಗಣಿಗಾರಿಕೆಯಿಂದ ಮೀನಿಗೆ ಏನು ಕೇಡು ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ಹೇಳಬೇಕಾದದ್ದು ಇದನ್ನೇ. ಮರಳು ಬಾಚುವಾಗ ಜಲ್ಲಿಯೂ ಹೋಗುತ್ತದೆ, ಉಳಿದ ಜಲ್ಲಿಯ ಮೇಲೆ ಹೂಳು ಕೂರುತ್ತದೆ.

ಒಂದು ಎಚ್ಚರಿಕೆ. ಮುತ್ತತ್ತಿ, ಭೀಮೇಶ್ವರಿ, ಮೇಕೆದಾಟಿನ ಸುತ್ತಿನ ಹೊಳೆ ಕಾವೇರಿ ವನ್ಯಜೀವಿ ಧಾಮದೊಳಗಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಳೆಗೆ ಇಳಿಯುವಂತಿಲ್ಲ. ಮೊಸಳೆ, ಆನೆಯ ಭಯ ಬೇರೆ.

ಹೆಜ್ಜೆ 3: ಮೀನು ಹಿಡಿಯುವವರೇ ಮೊದಲು ಕೂರಲಿ

ಸಂರಕ್ಷಣಾ ಸಮಿತಿ ಮಾಡುವಾಗ ಮೇಷ್ಟ್ರು, ಪಂಚಾಯಿತಿ ಸದಸ್ಯರು, ಯುವಕ ಸಂಘದವರು ಬೇಗ ಸೇರುತ್ತಾರೆ. ಹೊಳೆಯನ್ನೇ ನಂಬಿ ಬದುಕುವ ಬೆಸ್ತರ ಮನೆಯವರು ಕೊನೆಗೆ ಬಾಗಿಲ ಬಳಿ ನಿಂತಿರುತ್ತಾರೆ. ಇದನ್ನು ತಿರುಗುಮುರುಗು ಮಾಡಿ. ಮಡು ಎಲ್ಲಿದೆ, ರಾತ್ರಿ ಯಾರು ಬರುತ್ತಾರೆ, ಯಾವ ಬಲೆಗೆ ಯಾವ ಮೀನು ಬೀಳುತ್ತದೆ ಎಂಬುದೆಲ್ಲ ಗೊತ್ತಿರುವುದು ಅವರಿಗೆ. ಒಂದು ಮಡು ಬಿಟ್ಟುಕೊಡಿ ಎಂದಾಗ ನಷ್ಟವಾಗುವುದೂ ಅವರಿಗೇ.

ಕಾವೇರಿಯಲ್ಲೇ ಇದಕ್ಕೆ ಪಾಠವಿದೆ. 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟು ನೋಡಿಕೊಂಡಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳದ ಶಿಬಿರಗಳನ್ನು ನಡೆಸಿತು. ರಾಗಿಮುದ್ದೆಯ ಉಂಡೆಯನ್ನು ಕೊಕ್ಕೆಗೆ ಚುಚ್ಚಿ ಹಿಡಿದ ಮೀನನ್ನು ತೂಕ ಬರೆದುಕೊಂಡು ಮತ್ತೆ ಹೊಳೆಗೆ ಬಿಡುತ್ತಿದ್ದರು. ಸುತ್ತಲಿನ ಹಳ್ಳಿಯವರು ಅಲ್ಲಿ ಗೈಡ್‌ಗಳಾಗಿ, ಕಾವಲುಗಾರರಾಗಿ ದುಡಿದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. 2010ರ ದಶಕದ ಆರಂಭದಲ್ಲಿ ಧಾಮದೊಳಗೆ ಗಾಳ ಹಾಕುವುದು ನಿಂತಾಗ ಆ ಕೂಲಿಯೂ ನಿಂತಿತು, ಹೊಳೆ ದಂಡೆಯಲ್ಲಿ ಹಗಲುರಾತ್ರಿ ಇರುತ್ತಿದ್ದ ಕಣ್ಣುಗಳೂ ಹೋದವು. ಗಾಳ ಬೇಕೋ ಬೇಡವೋ ಎಂಬ ವಾದ ಏನೇ ಇರಲಿ, ಕಾಯುವವನ ಮನೆಗೆ ಅದರಿಂದ ಒಂದಿಷ್ಟು ಬರಬೇಕು ಎಂಬುದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಗಸ್ತಿಗೆ ಪಂಚಾಯಿತಿಯಿಂದ ಗೌರವಧನ, ತೆಪ್ಪ ಓಡಿಸುವ ಹಕ್ಕು, ಉಳಿದ ಹೊಳೆಯಲ್ಲಿ ಮೀನು ಹಿಡಿಯಲು ಅವರಿಗೇ ಮೊದಲ ಅವಕಾಶ: ನಿಮ್ಮೂರಿಗೆ ಯಾವುದು ಹೊಂದುತ್ತದೋ ಅದನ್ನು ಮೊದಲ ಸಭೆಯಲ್ಲೇ ಮಾತಾಡಿ ಮುಗಿಸಿ.

ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಮಾಡಬೇಕು. ಬಹಳ ಕಡೆ ಅದು ಕಾಗದದ ಮೇಲಷ್ಟೇ ಇದೆ. ಪಿಡಿಒ ಅವರನ್ನು ಕಂಡು ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ, ಬೆಸ್ತರೊಬ್ಬರನ್ನು ಸೇರಿಸಲು ಅರ್ಜಿ ಕೊಡಿ. ಮಡುವಿನ ವಿವರವನ್ನು ಆ ದಾಖಲೆಗೆ ಸೇರಿಸಿ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ನಿರ್ಣಯದ ಒಕ್ಕಣೆ ಸರಳವಾಗಿರಲಿ: “ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೊಳೆಯಲ್ಲಿ ಇಂಥ ಬಂಡೆಯಿಂದ ಇಂಥ ಕಟ್ಟೆಯವರೆಗಿನ ಮಡುವಿನಲ್ಲಿ ವರ್ಷಪೂರ್ತಿ ಯಾವ ವಿಧಾನದಿಂದಲೂ ಮೀನು ಹಿಡಿಯಬಾರದೆಂದು ತೀರ್ಮಾನಿಸಲಾಗಿದೆ. ಇದನ್ನು ಮೀನುಗಾರಿಕೆ ಇಲಾಖೆಯ ಗಮನಕ್ಕೆ ತರುವುದು.” ಹೊಳೆಯ ಮೀನುಗಾರಿಕೆ ಹಕ್ಕು ಹರಾಜಾಗುವ ಕಡೆ ಹರಾಜಿಗೆ ಮುಂಚೆಯೇ ಈ ಪತ್ರ ಇಲಾಖೆಯ ಕೈಸೇರಬೇಕು. ಗುತ್ತಿಗೆ ಆದ ಮೇಲೆ ಹೋದರೆ ಗುತ್ತಿಗೆದಾರರ ಜೊತೆ ಜಗಳವಾಗುತ್ತದೆ, ಅಷ್ಟೇ.

ಹೆಜ್ಜೆ 4: ವರ್ಷದ ಲೆಕ್ಕ ಇಟ್ಟುಕೊಳ್ಳಿ

ಮಹಶೀರ್ ಒಂದೇ ಕಡೆ ಕೂರುವ ಮೀನಲ್ಲ. ಮಳೆ ಶುರುವಾಗಿ ಹೊಳೆ ಕೆಂಪಗಾದಾಗ ಮೇಲಕ್ಕೆ, ಉಪನದಿಗಳ ಕಡೆಗೆ ಹತ್ತುತ್ತದೆ, ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ, ನೀರು ಇಳಿಯುತ್ತಿದ್ದಂತೆ ಮಡುವಿಗೆ ಹಿಂತಿರುಗುತ್ತದೆ. ಕಾವಲು ಕೂಡ ಇದೇ ಲೆಕ್ಕದಲ್ಲಿ ನಡೆಯಬೇಕು.

ಮೇ ತಿಂಗಳು ನನ್ನ ದೃಷ್ಟಿಯಲ್ಲಿ ವರ್ಷದ ಅತಿ ಮುಖ್ಯ ತಿಂಗಳು. ಕಿಂಡಿ ಅಣೆಕಟ್ಟುಗಳಿಗೆ ಬೇಸಿಗೆಯ ನೀರಿಗಾಗಿ ಹಲಗೆ ಹಾಕಿರುತ್ತಾರೆ. ಮೊದಲ ದೊಡ್ಡ ಮಳೆಗೆ ಮುಂಚೆ ಅವನ್ನು ತೆಗೆಯಬೇಕು, ತೆಗೆಯುತ್ತಾರೆ ಕೂಡ. ಆದರೆ ತಳದ ಒಂದೆರಡು ಹಲಗೆ ಕೆಸರಿನಲ್ಲಿ ಹೂತು ಕಚ್ಚಿಕೊಂಡಿರುತ್ತವೆ, ಕಷ್ಟವೆಂದು ಹಾಗೇ ಬಿಡುತ್ತಾರೆ. ಮೇಲಿನ ಹಲಗೆ ತೆಗೆದದ್ದರಿಂದ ನೀರು ಹೋಗುತ್ತದೆ, ಊರಿಗೆ ತೊಂದರೆಯಿಲ್ಲ. ಮೀನಿಗೆ ಮಾತ್ರ ಅಲ್ಲೊಂದು ಗೋಡೆ ಉಳಿಯುತ್ತದೆ. ಆ ತಳದ ಹಲಗೆಯನ್ನು ಹಾರೆ ಹಾಕಿ ಎಬ್ಬಿಸಿ, ಕಿಂಡಿಗೆ ಸಿಕ್ಕಿಕೊಂಡ ಮರದ ದಿಮ್ಮಿ, ಬಟ್ಟೆ, ಹರಿದ ಬಲೆ ಎಲ್ಲ ತೆಗೆಯಿರಿ. ಒಂದು ಭಾನುವಾರದ ಶ್ರಮದಾನ ಸಾಕು, ಇದಕ್ಕಿಂತ ಅಗ್ಗದ ಸಂರಕ್ಷಣೆ ಇನ್ನೊಂದಿಲ್ಲ.

ಜೂನ್, ಜುಲೈನಲ್ಲಿ ಹತ್ತುಮೀನಿನ ಕಾಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಗದ್ದೆ, ತೋಡು, ಹಳ್ಳ ಎಲ್ಲ ಕಡೆ ಮೀನು ಹತ್ತುತ್ತದೆ. ಕೂಳಿ, ಬಲೆ, ಕತ್ತಿ, ಟಾರ್ಚು ಹಿಡಿದು ಜನ ಇಳಿಯುತ್ತಾರೆ. ತಲೆಮಾರುಗಳಿಂದ ಬಂದ ಈ ಸಂಭ್ರಮವನ್ನು ಪೂರ್ತಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಗದ್ದೆಯ ಸಣ್ಣ ಮೀನಿಗೂ ಹೊಳೆಯ ಬಿಳಿಮೀನಿಗೂ ವ್ಯತ್ಯಾಸ ಮಾಡಿ ಮಾತಾಡಿ. ಉಪನದಿ ಹೊಳೆಗೆ ಸೇರುವ ಬಾಯಿಗೆ ಅಡ್ಡಲಾಗಿ ಬಲೆ ಕಟ್ಟಬಾರದು, ಮೊಟ್ಟೆ ತುಂಬಿದ ಬಿಳಿಮೀನನ್ನು ಮುಟ್ಟಬಾರದು: ಈ ಎರಡೇ ಕಟ್ಟಳೆ ಉಳಿದರೂ ದೊಡ್ಡದು. ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧದ ಆದೇಶ ನಿಮ್ಮ ಜಿಲ್ಲೆಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ ಬರೆಸಿಕೊಳ್ಳಿ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆರಳುದ್ದದ ಮರಿಗಳು ದಂಡೆಯ ಆಳವಿಲ್ಲದ ನೀರಿನಲ್ಲಿರುತ್ತವೆ. ಸೊಳ್ಳೆಪರದೆಯಂಥ ಬಲೆ, ಸೀರೆ ಹಿಡಿದು ಬಾಚುವುದನ್ನು ಆಗ ತಡೆಯಬೇಕು. ಮೇಲೆ ಅಣೆಕಟ್ಟೆ, ವಿದ್ಯುತ್ ಘಟಕ ಇರುವಲ್ಲಿ ಇನ್ನೊಂದು ತಾಪತ್ರಯ: ನೀರು ಬಿಟ್ಟು ಥಟ್ಟನೆ ನಿಲ್ಲಿಸಿದಾಗ ಈ ಮರಿಗಳು ಬಂಡೆಯ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಹಾಗೆ ಕಂಡರೆ ಬಕೆಟ್ಟಿನಲ್ಲಿ ಎತ್ತಿ ಹರಿಯುವ ನೀರಿಗೆ ಬಿಡಿ, ಜೊತೆಗೆ ದಿನ, ಗಂಟೆ, ಫೋಟೋ ಇಟ್ಟುಕೊಳ್ಳಿ. ನೀರನ್ನು ನಿಧಾನಕ್ಕೆ ತಗ್ಗಿಸಿ ಎಂದು ಕೇಳಲು ಹೋದಾಗ ಅದೇ ನಿಮ್ಮ ಆಧಾರ.

ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಡಗು, ಹಾಸನ, ಚಿಕ್ಕಮಗಳೂರಿನ ಕಡೆ ಕಾಫಿ ಕೊಯ್ಲು. ಹಣ್ಣನ್ನು ಪಲ್ಪ್ ಮಾಡಿದ ನೀರು ಸಂಸ್ಕರಣೆಯಿಲ್ಲದೆ ಹಳ್ಳಕ್ಕೆ ಬಂದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಹೊಳೆಯ ಹರಿವು ಇಳಿಯುತ್ತಿರುವ ಹೊತ್ತಿಗೇ ಇದು ಬರುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ, ನೀರು ಕಂದು ತಿರುಗಿ ಹುಳಿವಾಸನೆ ಬರುತ್ತಿದ್ದರೆ ಹಳ್ಳದ ಮೇಲಕ್ಕೆ ನಡೆದು ಮೂಲ ಹುಡುಕಿ. ಮೊದಲು ತೋಟದವರ ಜೊತೆ ಕೂತು ಮಾತಾಡಿ. ಹೆಚ್ಚಿನವರಿಗೆ ಕೆಳಗಿನ ಮಡುವಿನಲ್ಲಿ ಏನಾಗುತ್ತಿದೆ ಎಂಬುದೇ ತಿಳಿದಿರುವುದಿಲ್ಲ.

ಬೇಸಿಗೆಯಲ್ಲಿ ಪಂಪಿನದ್ದೇ ಚಿಂತೆ. ಕಾಯುವ ಮಡುವಿನಿಂದ ನೀರೆತ್ತುವುದನ್ನು ಪೂರ್ತಿ ನಿಲ್ಲಿಸಲು ಆಗದಿದ್ದರೆ ಬಂಡೆಯ ಮೇಲೆ ಬಣ್ಣದ ಗೆರೆ ಹಾಕಿ, ನೀರು ಅಲ್ಲಿಗೆ ಇಳಿದ ಮೇಲೆ ಮೋಟರ್ ಹಾಕುವುದಿಲ್ಲ ಎಂದು ಒಪ್ಪಂದ ಮಾಡಿಕೊಳ್ಳಿ. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ನೇರವಾಗಿ ಬಲೆ ಸುತ್ತಿದರೆ ಎಲೆ ಕಟ್ಟಿಕೊಂಡು ನೀರು ಬರುವುದಿಲ್ಲ. ದೊಡ್ಡ ಬಿದಿರಿನ ಬುಟ್ಟಿಗೆ ಬಲೆ ಹೊದಿಸಿ ಅದರೊಳಗೆ ಫುಟ್‌ವಾಲ್ವ್ ಇಳಿಸಿದರೆ ಮರಿಯೂ ಉಳಿಯುತ್ತದೆ, ಮೋಟರೂ ಓಡುತ್ತದೆ.

ಹೆಜ್ಜೆ 5: ತೋಟೆ, ವಿಷ

ಸಿಡಿಮದ್ದಿನ ಒಂದು ತೋಟೆ ಮಡುವಿಗೆ ಬಿದ್ದರೆ ಮೇಲೆ ತೇಲುವ ಮೀನಿಗಿಂತ ತಳಕ್ಕೆ ಮುಳುಗಿ ಕೊಳೆಯುವುದೇ ಹೆಚ್ಚು. ಹತ್ತು ಹದಿನೈದು ವರ್ಷ ಬದುಕಿ ಬೆಳೆದ ತಾಯಿಮೀನೂ ನಿನ್ನೆ ಹುಟ್ಟಿದ ಮರಿಯೂ ಒಟ್ಟಿಗೇ ಹೋಗುತ್ತವೆ. ಬ್ಲೀಚಿಂಗ್ ಪೌಡರ್, ಮೈಲುತುತ್ತ, ಹೊಲಕ್ಕೆ ಹೊಡೆಯುವ ಔಷಧಿ ಇನ್ನೂ ಕೇಡು, ಅದರ ಕೆಳಗಿನ ಊರಿನವರು ಕುಡಿಯುವುದು ಅದೇ ನೀರು. 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಕಪಿಲಾ ಹೊಳೆಗೇ ವಿಷ ಹಾಕಿದ್ದರು. ನೂರಾರು ವರ್ಷ ದೇವರ ಮೀನೆಂದು ಕಾಪಾಡಿಕೊಂಡು ಬಂದ ಜಾಗದಲ್ಲೂ ಒಂದು ರಾತ್ರಿ ಸಾಕಾಯಿತು.

1897ರ ಮೀನುಗಾರಿಕೆ ಕಾಯ್ದೆಯಲ್ಲೇ ಸ್ಫೋಟಕ ಮತ್ತು ವಿಷ ಹಾಕಿ ಮೀನು ಕೊಲ್ಲುವುದು ಅಪರಾಧ. ಪರವಾನಗಿಯಿಲ್ಲದೆ ಸ್ಫೋಟಕ ಇಟ್ಟುಕೊಳ್ಳುವುದಕ್ಕೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಶಿಕ್ಷೆ ಬೇರೆ ಇದೆ, ಅದು ಹೆಚ್ಚು ಕಠಿಣ. ವನ್ಯಜೀವಿ ಧಾಮದೊಳಗಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬರುತ್ತದೆ. ದೂರು ಬರೆಯುವಾಗ “ಮೀನು ಹಿಡಿದರು” ಎಂದು ಬರೆಯಬೇಡಿ, “ಸ್ಫೋಟಕ ಬಳಸಿದರು”, “ಕುಡಿಯುವ ನೀರಿನ ಹೊಳೆಗೆ ವಿಷ ಹಾಕಿದರು” ಎಂದು ಬರೆಯಿರಿ. ಠಾಣೆಯಲ್ಲಿ ಅದಕ್ಕೆ ಸಿಗುವ ಗಮನವೇ ಬೇರೆ.

ರಾತ್ರಿ ಸದ್ದು ಕೇಳಿದರೆ ನೀವೇ ಎದುರು ಹೋಗಬೇಡಿ. ಕೈಯಲ್ಲಿ ಸಿಡಿಮದ್ದು ಇರುವವರ ಜೊತೆ ವಾದ ಬೇಡ. 112ಕ್ಕೆ ಕರೆ ಮಾಡಿ, ಗಾಡಿಯ ನಂಬರ್ ಬರೆದುಕೊಳ್ಳಿ. ಬೆಳಿಗ್ಗೆ ಸತ್ತ ಮೀನು ಕಂಡರೆ ಮೊದಲ ಕೆಲಸ ಅದನ್ನು ಯಾರೂ ಮನೆಗೆ ಒಯ್ಯದಂತೆ, ದನ ನೀರು ಕುಡಿಯದಂತೆ ನೋಡಿಕೊಳ್ಳುವುದು. ಆಮೇಲೆ ತೊಳೆದ ಬಾಟಲಿಗೆ ಹೊಳೆಯ ನೀರು ಕಂಠಮಟ್ಟ ತುಂಬಿಸಿ ಮುಚ್ಚಿ, ಒಂದು ಬಾಟಲಿ ಮೀನು ಸತ್ತ ಜಾಗದ್ದು, ಇನ್ನೊಂದು ಅದಕ್ಕೂ ಮೇಲಿನದ್ದು. ಈಗಷ್ಟೇ ಸತ್ತ ಎರಡು ಮೂರು ಮೀನನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ ಎಲ್ಲವನ್ನೂ ಐಸ್ ಪೆಟ್ಟಿಗೆಯಲ್ಲಿಡಿ. ಜಾಗ, ಸಮಯ ಬರೆದು ಚೀಟಿ ಅಂಟಿಸಿ. ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದೇ ದಿನ ತಿಳಿಸಿ. ಮರುದಿನ ಅಂದರೆ ಹೊಳೆ ತೊಳೆದುಕೊಂಡು ಹೋಗಿರುತ್ತದೆ, ಸಾಕ್ಷಿ ಉಳಿಯುವುದಿಲ್ಲ.

ಹೆಜ್ಜೆ 6: ದೇವರ ಮೀನಿರುವ ಊರುಗಳು

ಶೃಂಗೇರಿ, ಶಿಶಿಲ, ರಾಮನಾಥಪುರ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಂಥ ಕಡೆ ಕಾವಲಿನ ಅರ್ಧ ಕೆಲಸವನ್ನು ಭಕ್ತಿಯೇ ಮಾಡಿದೆ. ಅಲ್ಲಿ ನೋಡಿಕೊಳ್ಳಬೇಕಾದದ್ದು ಎರಡು ಸಂಗತಿ. ಮಂಡಕ್ಕಿ ಸ್ವಲ್ಪ ಹಾಕಿದರೆ ತೊಂದರೆಯಿಲ್ಲ, ಬ್ರೆಡ್ಡು, ಬಿಸ್ಕತ್ತು, ಎಣ್ಣೆತಿಂಡಿ ಬೇಡ. ಚೀಲ ಹಿಂದಕ್ಕೆ ತನ್ನಿ. ಇನ್ನೊಂದು, ಹೊಳೆಗೆ ಮೀನು ಬಿಡುವ ಹರಕೆ. ಮನೆಯ ಅಕ್ವೇರಿಯಂನಲ್ಲಿ ಬೆಳೆದು ಜಾಸ್ತಿಯಾದ ಸಕ್ಕರ್ ಮೀನು, ಸಂತೆಯಲ್ಲಿ ಕೊಂಡ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ತಂದು ದೇವರ ಹೊಳೆಗೆ ಬಿಟ್ಟರೆ ಅವು ಅಲ್ಲಿನ ಮೊಟ್ಟೆ ಮರಿಗಳನ್ನೇ ತಿಂದು ಬೆಳೆಯುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದೇ ದೇಶದಲ್ಲಿ ನಿಷಿದ್ಧ. ಅರ್ಚಕರು ಒಂದು ಮಾತು ಹೇಳಿದರೆ ನಮ್ಮ ನೂರು ಬೋರ್ಡಿಗಿಂತ ಹೆಚ್ಚು ಕೆಲಸವಾಗುತ್ತದೆ.

ಹೆಜ್ಜೆ 7: ಮರಿ ಬಿಡುತ್ತೇವೆ ಎಂದು ಯಾರಾದರೂ ಬಂದರೆ

ಲೋನಾವಳಾದಲ್ಲಿ ಟಾಟಾ ಕಂಪನಿಯವರು 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ಮಾಡುತ್ತ ಬಂದರು. ಅದು ನಿಜಕ್ಕೂ ದೊಡ್ಡ ಕೆಲಸ, ಮಹಶೀರ್ ಮರಿ ಮಾಡುವ ವಿಧಾನವನ್ನು ದೇಶಕ್ಕೆ ಕಲಿಸಿತು. ಆ ಜಾತಿಯನ್ನು 1839ರಲ್ಲಿ ವಿವರಿಸಿದ್ದು ಪುಣೆಯ ಮುಳಾ–ಮುಠಾ ಹೊಳೆಯಿಂದ, ಅಂದರೆ ಕೃಷ್ಣಾ ಕಣಿವೆಯಿಂದ. ಅದರ ಮರಿಗಳು ಕಾವೇರಿಗೂ ಬಂದವು. ಅಪರೂಪದ ಮಹಶೀರ್ ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಕಾವೇರಿಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಬಿಡಿಸಿ ನೋಡಿದಾಗ ಸಿಕ್ಕಿದ ಮೀನುಗಳ ಒಟ್ಟು ಸಂಖ್ಯೆ ಏರಿತ್ತು. ಹೊಳೆ ಚೆನ್ನಾಗಿದೆ ಎಂದೇ ಎಲ್ಲರೂ ಅಂದುಕೊಳ್ಳುವಂತಿತ್ತು. ಜಾತಿ ಬೇರೆ ಮಾಡಿ ನೋಡಿದರೆ ಏರಿದ್ದೆಲ್ಲ ನೀಲಿ ರೆಕ್ಕೆಯದು, ಕಾವೇರಿಯದೇ ಆದ ಗೂನುಬೆನ್ನಿನದು ಕುಸಿದು ಹೋಗಿತ್ತು.

ಹಾಗಾಗಿ ನಿಮ್ಮೂರಿಗೆ ಮಹಶೀರ್ ಮರಿ ಬರುತ್ತದೆ ಎಂದಾಗ ಹಾರ ತರುವ ಮುಂಚೆ ಕೇಳಿ: ಯಾವ ಜಾತಿ? ತಾಯಿಮೀನು ಯಾವ ಹೊಳೆಯದು? ಅದೇ ಕಣಿವೆಯದೇ? ಎಷ್ಟು ತಾಯಿ, ಎಷ್ಟು ಗಂಡಿನಿಂದ ತೆಗೆದ ಮರಿ? ರೋಗ ಪರೀಕ್ಷೆ ಆಗಿದೆಯೇ? ಬಿಟ್ಟ ಮೇಲೆ ಎಷ್ಟು ವರ್ಷ ಯಾರು ನೋಡುತ್ತಾರೆ? ಮೊದಲ ಮೂರಕ್ಕೆ ಬರವಣಿಗೆಯಲ್ಲಿ ಉತ್ತರ ಬಾರದಿದ್ದರೆ ಬೇಡ ಎನ್ನಿ. ಹೀಗೆ ಹೇಳುವುದು ಕಷ್ಟ, ಉಪಕಾರ ಮಾಡಲು ಬಂದವರಿಗೆ ಅವಮಾನ ಮಾಡಿದಂತೆ ಅನ್ನಿಸುತ್ತದೆ. ಆದರೂ ಹೇಳಬೇಕು. ಒಮ್ಮೆ ಹೊಳೆಗಿಳಿದ ಮೀನನ್ನು ವಾಪಸ್ ಹಿಡಿದು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಗೂನುಬೆನ್ನಿನದನ್ನು ಮರಿ ಮಾಡಿ ಉಳಿಸುವ ದಿನ ಬರಬೇಕು, ಅದನ್ನು ಪಳಗಿದ ಸಂಶೋಧಕರು ಸರ್ಕಾರದ ಅನುಮತಿಯೊಂದಿಗೆ ಮಾಡಲಿ. ಆ ಮರಿ ಬಂದಾಗ ಇಳಿಸಲು ಕಾವಲಿರುವ ಒಂದು ಮಡು ಸಿದ್ಧವಿರಬೇಕು. ಅದು ನಮ್ಮ ಪಾಲಿನ ಕೆಲಸ.

ಹೆಜ್ಜೆ 8: ಬಲೆಗೆ ಬಿದ್ದರೆ

ಬೇರೆ ಮೀನಿಗೆಂದು ಹಾಕಿದ ಬಲೆಗೆ ಬಿಳಿಮೀನು ಬೀಳುವುದುಂಟು. ದೊಡ್ಡದಾದರೆ ಒದ್ದಾಡಿ ಸುಸ್ತಾಗಿರುತ್ತದೆ. ದಂಡೆಗೆ ಎಳೆಯಬೇಡಿ, ಬಿಸಿಯಾದ ಮರಳು ಬಂಡೆಯ ಮೇಲೆ ಮೈಯ ಲೋಳೆ ಕಿತ್ತುಹೋಗುತ್ತದೆ, ಆಮೇಲೆ ಹುಣ್ಣಾಗುತ್ತದೆ. ನೀರಿನಲ್ಲೇ ನಿಂತು, ಕೈ ಒದ್ದೆ ಮಾಡಿಕೊಂಡು, ಬಲೆಯ ಎಳೆಯನ್ನು ಕತ್ತರಿಸಿ. ಬಲೆ ಹರಿದದ್ದಕ್ಕೆ ಸಮಿತಿಯಿಂದ ದುಡ್ಡು ಕೊಡುವ ಏರ್ಪಾಡು ಇದ್ದರೆ ಬೆಸ್ತರು ಕತ್ತರಿಸಲು ಹಿಂಜರಿಯುವುದಿಲ್ಲ, ಇದನ್ನು ಖಂಡಿತ ಮಾಡಿ. ಕಿವಿರಿನೊಳಗೆ ಬೆರಳು ಹಾಕಬಾರದು. ಒಂದು ಕೈ ಹೊಟ್ಟೆಯಡಿ, ಇನ್ನೊಂದು ಕೈ ಬಾಲದ ಬುಡದಲ್ಲಿ ಇಟ್ಟು, ಹರಿವಿಗೆ ಮುಖ ಮಾಡಿಸಿ ನೀರಿನೊಳಗೇ ಹಿಡಿದುಕೊಳ್ಳಿ. ಹಿಂದೆ ಮುಂದೆ ಎಳೆದಾಡುವುದು ಬೇಡ, ನೀರು ತಾನಾಗಿ ಬಾಯಿಂದ ಕಿವಿರಿಗೆ ಹರಿಯಲಿ. ಸ್ವಲ್ಪ ಹೊತ್ತಿಗೆ ಬಾಲ ಬಿಗಿಯಾಗಿ ಕೈಗೆ ಒದೆಯುತ್ತದೆ. ಆಗ ಬಿಡಿ. ಅದಕ್ಕೂ ಮುಂಚೆ ಬಿಟ್ಟರೆ ಮಗುಚಿ ಬೀಳುತ್ತದೆ.

ಫೋಟೋ ಬೇಕಾದರೆ ನೀರಿನ ಮಟ್ಟದಲ್ಲೇ, ಒಂದು ಉಸಿರು ಹಿಡಿಯುವಷ್ಟು ಹೊತ್ತಿನಲ್ಲಿ. ಬಾಲ ಕಿತ್ತಳೆ ಇದ್ದು ಬೆನ್ನು ಗೂನಾಗಿದ್ದರೆ ಆ ಫೋಟೋಗೆ ಬೆಲೆ ಕಟ್ಟಲಾಗದು. ಅದನ್ನು ಫೇಸ್‌ಬುಕ್ಕಿಗೋ ಊರಿನ ವಾಟ್ಸಾಪ್ ಗುಂಪಿಗೋ ಹಾಕಬೇಡಿ. ಫೋಟೋದ ಹಿಂದಿನ ಬಂಡೆ ನೋಡಿಯೇ ಜಾಗ ಗುರುತಿಸುವವರಿದ್ದಾರೆ, ವಾರದೊಳಗೆ ಮಡುವಿಗೆ ಬರುತ್ತಾರೆ. ಮೊಬೈಲಿನಲ್ಲಿ ಲೊಕೇಶನ್ ಆಫ್ ಮಾಡಿ, ಜಾಗವನ್ನು ಸಮಿತಿಯ ಪುಸ್ತಕದಲ್ಲಿ ಮಾತ್ರ ಬರೆದು, ಫೋಟೋವನ್ನು ಸಂಶೋಧಕರಿಗೆ ಮತ್ತು ಮೀನುಗಾರಿಕೆ ಅಥವಾ ಅರಣ್ಯ ಇಲಾಖೆಯ ಅಧಿಕಾರಿಗೆ ನೇರವಾಗಿ ಕಳಿಸಿ. ಪುಸ್ತಕದಲ್ಲಿ ತಾರೀಖು, ಮಡುವಿನ ಹೆಸರು, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ರೆಕ್ಕೆಯ ಬಣ್ಣ, ನೀರು ತಿಳಿಯೋ ಕೆಂಪೋ, ಹಿಡಿದವರು ಯಾರು, ಬಿಟ್ಟಾಗ ಹೇಗೆ ಈಜಿತು ಇಷ್ಟು ಇರಲಿ. ರೆಕ್ಕೆಯ ಚೂರು ಬೇಕು, ಹುರುಪೆ ಬೇಕು ಎಂದು ಯಾರಾದರೂ ಕೇಳಿದರೆ ಅನುಮತಿ ಪತ್ರ ತೋರಿಸಲು ಹೇಳಿ, ಅದಿಲ್ಲದೆ ಕೊಡಬೇಡಿ. ಏನೂ ಸಿಗದ ತಿಂಗಳುಗಳಲ್ಲೂ “ಕಾಣಲಿಲ್ಲ” ಎಂದು ಬರೆಯುವುದನ್ನು ತಪ್ಪಿಸಬೇಡಿ. ಮುಂದೊಮ್ಮೆ ಆ ಮೀನು ಮತ್ತೆ ಬಲೆಗೆ ಬಿದ್ದಾಗ ಎಷ್ಟು ವರ್ಷಕ್ಕೆ ಬಂತು ಎಂದು ತಿಳಿಯುವುದು ಆ ಸಾಲುಗಳಿಂದಲೇ.